ಗೀಸರ್ ಗ್ರಿಡ್ಡಿಗೂ ದುಡಿಯುವಾಗ ಕೈಕೊಟ್ಟರೆ: ಮನೆಯಲ್ಲೇ ದೋಷ ಹುಡುಕುವ ಬಗೆ

ನಮ್ಮ ಮನೆಯ ಗೀಸರ್‌ಗೆ ಫೋನಿನ ಆಪ್‌ನಿಂದ ಟೈಮ್ ಇಡಬಹುದಾದ ವೈಫೈ ಸ್ಮಾರ್ಟ್ ಸ್ವಿಚ್ ಹಾಕಿದ್ದೇನೆ. ಅದು ಬೆಳಗಿನ ಜಾವ 4.15ಕ್ಕೆ ತಾನೇ ಆನ್ ಆಗುತ್ತದೆ, 5 ಗಂಟೆಗೆ ಆಫ್ ಆಗುತ್ತದೆ. ಮಧ್ಯಾಹ್ನ ಬಿಸಿಲಿನ ಹೊತ್ತಲ್ಲಿ ಇನ್ನೊಂದು ಸಲ ನೀರು ಕಾಯಿಸುತ್ತದೆ. ಕರೆಂಟ್ ಜಾಲಕ್ಕೆ, ಅಂದರೆ ಗ್ರಿಡ್ಡಿಗೆ, ಹೆಚ್ಚು ಭಾರ ಬೀಳುವ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 10ರವರೆಗೆ ಸುಮ್ನೆ ಕೂತಿರಬೇಕು ಅಂತ ಅದಕ್ಕೆ ಹೇಳಿಟ್ಟಿದ್ದೇನೆ. ಸ್ಕೂಟರ್ ಚಾರ್ಜರ್‌ಗೂ ಇದೇ ಕಟ್ಟುಪಾಡು.

ಯಾಕೆ ಈ ಉಸಾಬರಿ ಅಂತ ಅಮ್ಮ ಕೇಳಿದಾಗ ಹಂಡೆ ಒಲೆ ನೆನಪಿಸಿದೆ. ನೀರು ತುಂಬುವ ಹಬ್ಬದ ದಿನ ಸಂಜೆಯೇ ಹಂಡೆ ತುಂಬಿಸಿ, ಎಲ್ಲರೂ ಏಳುವ ಮುಂಚೆ ಒಲೆ ಹಚ್ಚುತ್ತಿದ್ದರಲ್ಲ, ಅದೇ ಲೆಕ್ಕ. ಗೀಸರ್ ಅಂದರೆ ಬಿಸಿ ಕೂಡಿಟ್ಟುಕೊಳ್ಳುವ ಹಂಡೆ. ಸ್ನಾನ 6.30ಕ್ಕೆ ಅಂತ ಕರೆಂಟನ್ನೂ 6.30ಕ್ಕೇ ಎಳೆಯಬೇಕಿಲ್ಲ. ಬೆಂಗಳೂರಿನ ಅರ್ಧ ಊರು ಅದೇ ಹೊತ್ತಿಗೆ ಎಳೆಯುತ್ತಿರುತ್ತದೆ. ಇತ್ತ ಮಧ್ಯಾಹ್ನ ಪಾವಗಡದ ಸೋಲಾರ್ ಪಾರ್ಕ್ ಒಂದರಿಂದಲೇ 2050 ಮೆಗಾವ್ಯಾಟ್‌ವರೆಗೆ ಬರಬಹುದು. ಸಂಜೆ ಸೂರ್ಯ ಮುಳುಗುವುದಕ್ಕೂ ಊರೆಲ್ಲ ದೀಪ ಹಚ್ಚುವುದಕ್ಕೂ ಸರಿಹೋಗುತ್ತದೆ. ಬಳಕೆ ಜಾಸ್ತಿ ಆದರೆ ಜಾಲದ ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವ ಲೆಕ್ಕ, 50 ಹರ್ಟ್ಜ್‌ಗಿಂತ ಕೆಳಗಿಳಿಯುತ್ತದೆ, ಕಡಿಮೆ ಆದರೆ ಮೇಲೇರುತ್ತದೆ. ಅದನ್ನು 49.90ರಿಂದ 50.05ರ ಒಳಗೆ ಇಡಬೇಕು ಅನ್ನುವುದು ನಿಯಮ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಸೇರಿಕೊಂಡ ಮೇಲೆ ಇಡೀ ದೇಶಕ್ಕೆ ಒಂದೇ ಫ್ರೀಕ್ವೆನ್ಸಿ. ದಕ್ಷಿಣ ಭಾರತದ ಭಾಗವನ್ನು ಕಾಯುವವರು ನಮ್ಮ ರೇಸ್‌ಕೋರ್ಸ್ ಕ್ರಾಸ್ ರಸ್ತೆಯಲ್ಲೇ ಕೂತಿದ್ದಾರೆ.

ಇಷ್ಟೆಲ್ಲ ದೊಡ್ಡ ಮಾತು ಆದ ಮೇಲೂ, ಒಂದು ವರ್ಷದಲ್ಲಿ ನನಗೆ ಸಿಕ್ಕ ದೋಷಗಳು ತೀರಾ ಸಣ್ಣವು. ಗೋಡೆ ಸ್ವಿಚ್ಚು, ಗಡಿಯಾರ, ವೈಫೈ, ಪ್ಲಗ್ಗು. ಊರ ಲೈನಿನ ತೊಂದರೆ ತೀರಾ ಅಪರೂಪ. ಅದಕ್ಕೇ ಮನೆಯೊಳಗಿಂದ ಶುರು ಮಾಡಿ, ದುಡ್ಡು ಬೀಳದ ಪರೀಕ್ಷೆಗಳನ್ನು ಮೊದಲು ಮುಗಿಸಿಕೊಳ್ಳಿ.

## ಕೈ ಹಾಕುವ ಮುಂಚೆ

ಆಪ್‌ನಲ್ಲಿ ಆಫ್ ಮಾಡಿದರೆ ಕರೆಂಟ್ ಹೋಯಿತು ಅಂತ ಅಂದುಕೊಳ್ಳಬೇಡಿ. ಸ್ಮಾರ್ಟ್ ಸ್ವಿಚ್ ಸಾಮಾನ್ಯವಾಗಿ ಫೇಸ್ ವೈರ್ ಒಂದನ್ನೇ ಕಡಿಯುತ್ತದೆ. ವೈರಿಂಗ್ ಮಾಡಿದವರು ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದ್ದರೆ ಸ್ವಿಚ್ ಆಫ್ ಇದ್ದರೂ ಗೀಸರ್ ಒಳಗೆ ಕರೆಂಟ್ ಇರುತ್ತದೆ. ಏನನ್ನೇ ಮುಟ್ಟುವ ಮುಂಚೆ ಮೀಟರ್ ಬೋರ್ಡಿನಲ್ಲಿರುವ ಸುರಕ್ಷತಾ ಸ್ವಿಚ್, ಅಂದರೆ ಗೀಸರ್‌ನ ಎಂಸಿಬಿ ಇಳಿಸಿ. ಕೈ, ನೆಲ, ಚಪ್ಪಲಿ ಒಣಗಿರಲಿ.

ಕೆಳಗಿನ ಮೂರರಲ್ಲಿ ಒಂದು ಕಂಡರೂ ಮುಂದೆ ಓದುತ್ತಾ ಕೂರದೆ ಕರೆಂಟ್ ಇಳಿಸಿ, ಎಲೆಕ್ಟ್ರಿಷಿಯನ್‌ಗೆ ಹೇಳಿ: ನಲ್ಲಿ ಮುಟ್ಟಿದರೆ ಜುಮ್ ಅನ್ನುವುದು, ಬೋರ್ಡಿನಿಂದ ಸುಟ್ಟ ವಾಸನೆ, ಕೆಲವು ದೀಪ ವಿಪರೀತ ಪ್ರಕಾಶವಾಗಿ ಕೆಲವು ಮಂಕಾಗುವುದು. ಮೊದಲನೆಯದೋ ಮೂರನೆಯದೋ ಆದರೆ ಬರೀ ಗೀಸರ್ ಎಂಸಿಬಿ ಸಾಲದು, ಮೇನ್ ಇಳಿಸಿ. ನಲ್ಲಿ ಜುಮ್ ಅಂದಿದ್ದರೆ ಎಲೆಕ್ಟ್ರಿಷಿಯನ್ ನೋಡುವವರೆಗೆ ಆ ಬಚ್ಚಲಿಗೆ ಯಾರೂ ಹೋಗಬಾರದು.

## ಬೆಳಿಗ್ಗೆ ನೀರು ಬಿಸಿ ಇಲ್ಲ

ಕಳೆದ ಜನವರಿಯಲ್ಲಿ ಒಂದು ದಿನ ಅಮ್ಮ ಬಚ್ಚಲಿನಿಂದಲೇ ಕೂಗಿದರು, "ನಿನ್ನ ಗ್ರಿಡ್ಡಿಗೆ ಬೆಂಕಿ ಬಿತ್ತು ಕಣೋ, ನೀರು ಮಾತ್ರ ಕಾದಿಲ್ಲ!" ಹೋಗಿ ನೋಡಿದರೆ ಗೋಡೆಯ ಮೇಲಿನ ಗೀಸರ್ ಸ್ವಿಚ್ ಆಫ್ ಆಗಿತ್ತು. ಹಿಂದಿನ ರಾತ್ರಿ ಆಫ್ ಮಾಡಿದ್ದು ಅಮ್ಮನೇ. ತಪ್ಪು ಅವರದ್ದಲ್ಲ. ಮೂವತ್ತು ವರ್ಷ "ಗೀಸರ್ ಆಫ್ ಮಾಡಿದ್ರಾ?" ಅಂತ ಮನೆಯವರನ್ನೆಲ್ಲ ಕೇಳಿ ಬಂದ ಕೈ ಅದು. ಈಗ ಆ ಸ್ವಿಚ್ಚಿನ ಮೇಲೆ ಕೆಂಪು ಟೇಪ್ ಇದೆ. ಇದಕ್ಕಿಂತ ಅಗ್ಗದ ರಿಪೇರಿ ನನಗೆ ಇನ್ನೂ ಸಿಕ್ಕಿಲ್ಲ.

ಗೋಡೆ ಸ್ವಿಚ್ ಆನ್ ಇದೆ ಅಂತಾದರೆ ಮನೆಯವರನ್ನು ಒಂದು ಪ್ರಶ್ನೆ ಕೇಳಿ. ನೀರು ಪೂರ್ತಿ ತಣ್ಣಗಿತ್ತಾ, ಉಗುರು ಬೆಚ್ಚಗಿತ್ತಾ, ಇಲ್ಲ ಮೊದಲ ಇಬ್ಬರಿಗೆ ಬಿಸಿ ಬಂದು ಮೂರನೆಯವರಿಗೆ ತಣ್ಣಗಾಯಿತಾ? ಮೂರೂ ಬೇರೆ ಬೇರೆ ಕಾಯಿಲೆ.

ಮೂರನೆಯವರಿಗೆ ಮಾತ್ರ ತಣ್ಣಗೆ ಬಂದರೆ ಯಂತ್ರ ಸರಿಯಾಗಿದೆ, ನಿಮ್ಮ ಲೆಕ್ಕ ತಪ್ಪಿದೆ. 25 ಲೀಟರ್ ಟ್ಯಾಂಕಿನಲ್ಲಿ 60 ಡಿಗ್ರಿ ನೀರಿದೆ, ಅದಕ್ಕೆ 22 ಡಿಗ್ರಿಯ ತಣ್ಣೀರು ಬೆರೆಸಿ 40 ಡಿಗ್ರಿಗೆ ತರುತ್ತೀರಿ ಅಂದುಕೊಳ್ಳಿ. ಕಾಗದದ ಮೇಲೆ ಸುಮಾರು 50 ಲೀಟರ್ ಸಿಗುತ್ತದೆ. ಆದರೆ ಬಿಸಿನೀರು ಹೊರಗೆ ಹೋದಂತೆಲ್ಲ ಕೆಳಗಿನಿಂದ ತಣ್ಣೀರು ಟ್ಯಾಂಕಿಗೆ ನುಗ್ಗುತ್ತಿರುತ್ತದೆ. ಹಾಗಾಗಿ ಕೈಗೆ ಸಿಗುವುದು 20 ಲೀಟರಿನ ಎರಡು ಬಕೆಟ್ ಚಿಲ್ಲರೆ. ನಾಲ್ಕು ಜನ ಇರುವ ಮನೆಯಲ್ಲಿ ಒಂದೇ ಸಲ ಕಾಯಿಸಿ ಒಂಬತ್ತು ಗಂಟೆಯವರೆಗೆ ಎಳೆಯುತ್ತೇನೆ ಅಂದರೆ ಆಗುವ ಮಾತಲ್ಲ. ನಾವು ಇಬ್ಬರ ಸ್ನಾನವನ್ನು 5.30ಕ್ಕೆ ಮುಗಿಸಿ, ಅಲ್ಲಿಂದ ಆರರೊಳಗೆ ಇನ್ನೊಂದು ಇಪ್ಪತ್ತು ನಿಮಿಷ ಕಾಯಿಸುತ್ತೇವೆ. ತಲೆಸ್ನಾನದ ದಿನ ಈ ವ್ಯವಸ್ಥೆಯನ್ನೇ ಬಂದ್ ಮಾಡುತ್ತೇನೆ. ಮನೆಯವರಿಗೆ ತೊಂದರೆ ಕೊಟ್ಟು ಗ್ರಿಡ್ಡಿಗೆ ಉಪಕಾರ ಮಾಡಿದರೆ ಎರಡನೇ ವಾರಕ್ಕೆ ಯಾರಾದರೂ ಪ್ಲಗ್ಗನ್ನೇ ಕಿತ್ತು ಹಾಕುತ್ತಾರೆ.

ಉಗುರು ಬೆಚ್ಚಗಿದ್ದರೆ ಮೊದಲು ಗೀಸರಿನ ಗುಂಡಿ ನೋಡಿ. ಯಾರೋ ತಿರುಗಿಸಿರಬಹುದು. 60ರ ಆಸುಪಾಸಿನಲ್ಲಿರಲಿ. ನೀರನ್ನು ಗಂಟೆಗಟ್ಟಲೆ 45 ಡಿಗ್ರಿಗಿಂತ ಕೆಳಗೆ ಬೆಚ್ಚಗೆ ಇಟ್ಟರೆ ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ. ಹಾಗಂತ 60 ಡಿಗ್ರಿ ನೀರು ನೇರ ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಮಕ್ಕಳಿರುವ ಮನೆಯಲ್ಲಿ ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ.

ಗುಂಡಿ ಸರಿಯಿದ್ದರೆ ಕಾಯುವ ಹೊತ್ತು ಸಾಲದೆ ಇರಬಹುದು. 25 ಲೀಟರನ್ನು 22ರಿಂದ 60 ಡಿಗ್ರಿಗೆ ಏರಿಸಲು ಸುಮಾರು 1.1 ಯೂನಿಟ್ ಬೇಕು. 2 ಕಿಲೋವ್ಯಾಟ್ ಗೀಸರ್‌ಗೆ ಇದು 33 ನಿಮಿಷದ ಕೆಲಸ. ಇದು 230 ವೋಲ್ಟ್ ಇದ್ದಾಗಿನ ಮಾತು. ವೋಲ್ಟೇಜ್ 200ಕ್ಕೆ ಇಳಿದರೆ ಅದೇ ಕಾಯಿಲ್ 1500 ವ್ಯಾಟ್ ಮಾತ್ರ ಎಳೆಯುತ್ತದೆ, 33 ನಿಮಿಷ 44 ಆಗುತ್ತದೆ. ನಾನು ಮುಕ್ಕಾಲು ಗಂಟೆ ಇಟ್ಟಿರುವುದು ಇದಕ್ಕೇ. ಬೇಗ ಕಾದರೆ ಥರ್ಮೋಸ್ಟಾಟ್ ತಾನೇ ನಿಲ್ಲಿಸುತ್ತದೆ, ನಷ್ಟ ಇಲ್ಲ.

ಪೂರ್ತಿ ತಣ್ಣಗಿದ್ದರೆ ಆಪ್‌ನ ಹಿಸ್ಟರಿ ತೆಗೆಯಿರಿ. 4.15ಕ್ಕೆ ಆನ್ ಆದ ದಾಖಲೆಯೇ ಇಲ್ಲವಾ? ಹಾಗಿದ್ದರೆ ಮುಂದಿನ ಎರಡು ಭಾಗ ಓದಿ. ಆನ್ ಆಗಿದೆ, ಆದರೆ ವ್ಯಾಟ್ ಸೊನ್ನೆ ತೋರಿಸುತ್ತಿದೆಯಾ? ಹಾಗಿದ್ದರೆ ಸ್ವಿಚ್ಚಿನ ಕೆಲಸ ಮುಗಿದಿದೆ, ತೊಂದರೆ ಗೀಸರಿನೊಳಗೆ. ಕಾಯಿಲ್ ಕಡಿದಿರಬಹುದು, ಥರ್ಮೋಸ್ಟಾಟ್ ಹೋಗಿರಬಹುದು, ಇಲ್ಲ ವಿಪರೀತ ಬಿಸಿಯಾಗಿ ಕಟ್‌ಔಟ್ ಬಿದ್ದಿರಬಹುದು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಕಾಯುವಾಗ ಚಟಪಟ ಸದ್ದು ಬರುತ್ತಿದ್ದರೆ ಅದೇ ಗುರುತು. ಕಟ್‌ಔಟ್ ಗುಂಡಿ ಮುಚ್ಚಳದ ಒಳಗಿರುತ್ತದೆ. ಅದನ್ನು ಒತ್ತಿ ಸರಿ ಮಾಡಿಕೊಳ್ಳುವ ವಿಡಿಯೋಗಳು ಬೇಕಾದಷ್ಟಿವೆ. ನನ್ನ ಮಾತು ಕೇಳಿ, ಅದನ್ನು ಮೆಕ್ಯಾನಿಕ್‌ಗೇ ಬಿಡಿ. ಕಟ್‌ಔಟ್ ಸುಮ್ನೆ ಬೀಳುವುದಿಲ್ಲ.

## ಕಾಯುತ್ತಿದೆ, ಆದರೆ ಹೊತ್ತಲ್ಲದ ಹೊತ್ತಲ್ಲಿ

ಇದು ಗಡಿಯಾರದ ದೋಷ. ಎಷ್ಟು ಹೊತ್ತು ತಪ್ಪಿದೆ ಅಂತ ನೋಡಿದರೆ ಕಾರಣ ತಾನೇ ಗೊತ್ತಾಗುತ್ತದೆ.

ಎರಡೂವರೆ ಗಂಟೆ ಮುಂಚೆ, ಅಂದರೆ 4.15ರ ಬದಲು 1.45ಕ್ಕೆ ಆನ್ ಆಗುತ್ತಿದೆಯಾ? ಸ್ವಿಚ್ ಡಬ್ಬಿ ಇನ್ನೂ ಚೀನಾದ ಟೈಮಿನಲ್ಲಿದೆ. ಐದೂವರೆ ಗಂಟೆ ತಡವಾಗಿ, ಬೆಳಿಗ್ಗೆ 9.45ಕ್ಕೆ ಆನ್ ಆಗುತ್ತಿದೆಯಾ? ಅದು ಗ್ರೀನಿಚ್ ಟೈಮ್ ಹಿಡಿದು ಕೂತಿದೆ. ಎರಡಕ್ಕೂ ಔಷಧಿ ಒಂದೇ. ಆಪ್‌ನ ಸೆಟ್ಟಿಂಗ್‌ನಲ್ಲಿ ಟೈಮ್ ಝೋನ್ ಭಾರತಕ್ಕೆ ಬದಲಿಸಿ, ಹಳೆಯ ಶೆಡ್ಯೂಲ್ ಅಳಿಸಿ ಹೊಸದಾಗಿ ಬರೆಯಿರಿ. ಹಳೆಯದನ್ನು ಹಾಗೇ ಬಿಟ್ಟರೆ ಕೆಲವು ಡಬ್ಬಿಗಳು ಹಳೆಯ ಟೈಮನ್ನೇ ಹಿಡಿದುಕೊಂಡಿರುತ್ತವೆ. ನನಗೆ ಇದು ತಿಳಿಯಲು ಮೂರು ದಿನ ಹಿಡಿಯಿತು.

ಕೆಲವು ದಿನ ಸರಿ, ಕೆಲವು ದಿನ ತಪ್ಪು ಅಂದರೆ ಕರೆಂಟ್ ಹೋಗಿ ಬಂದ ದಿನಗಳ ಜೊತೆ ತಾಳೆ ಹಾಕಿ. ಅಗ್ಗದ ಸ್ವಿಚ್ಚುಗಳಿಗೆ ಸ್ವಂತ ಗಡಿಯಾರ ಇಲ್ಲ. ಕರೆಂಟ್ ಬಂದ ಮೇಲೆ ಇಂಟರ್‌ನೆಟ್‌ನಿಂದ ಟೈಮ್ ಕೇಳಿಕೊಳ್ಳುತ್ತವೆ, ಅಲ್ಲಿಯವರೆಗೆ ಅವಕ್ಕೆ ಹಗಲು ಯಾವುದು ರಾತ್ರಿ ಯಾವುದು ಗೊತ್ತಿಲ್ಲ. ಇನ್ನೊಂದು ಗುಣವೂ ಇದೆ: 4.15ಕ್ಕೆ ಕರೆಂಟ್ ಇಲ್ಲದೆ 4.20ಕ್ಕೆ ಬಂದರೆ, "ಐದು ನಿಮಿಷದ ಹಿಂದೆ ಆನ್ ಆಗಬೇಕಿತ್ತಲ್ಲ" ಅಂತ ಅವು ಯೋಚಿಸುವುದಿಲ್ಲ. ಆ ಗಳಿಗೆ ಹೋಯಿತು ಅಂದರೆ ಹೋಯಿತು. ನಾನು 4.15, 4.30, 4.40 ಅಂತ ಮೂರು ಸಲ ಆನ್ ಆಜ್ಞೆ ಬರೆದಿಟ್ಟಿದ್ದೇನೆ. ಮೊದಲೇ ಆನ್ ಇದ್ದರೆ ಉಳಿದೆರಡರಿಂದ ಏನೂ ಆಗುವುದಿಲ್ಲ.

## ಆಪ್‌ನಲ್ಲಿ 'ಆಫ್‌ಲೈನ್'

ಮನೆಯ ವೈಫೈ ಡಬ್ಬಿ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಐದು ನಿಮಿಷ ಕಾಯಿರಿ. ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ: ಇತ್ತೀಚೆಗೆ ವೈಫೈ ಪಾಸ್‌ವರ್ಡ್ ಬದಲಿಸಿದಿರಾ, ಹೊಸ ರೌಟರ್ ಹಾಕಿಸಿದಿರಾ? ಇಂಥ ಸ್ವಿಚ್ಚುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಜ್ ಅವಕ್ಕೆ ಕಾಣುವುದೇ ಇಲ್ಲ. ಎರಡಕ್ಕೂ ಒಂದೇ ಹೆಸರಿಟ್ಟಿದ್ದರೆ ಜೋಡಿಸುವಾಗ ತಕರಾರು. ಸ್ವಲ್ಪ ಹೊತ್ತು 5 ಗಿಗಾಹರ್ಟ್ಜ್ ಬಂದ್ ಮಾಡಿ ಜೋಡಿಸಿಕೊಂಡು ಆಮೇಲೆ ಆನ್ ಮಾಡಿ. ಬಚ್ಚಲ ಬಾಗಿಲಲ್ಲಿ ನಿಂತು ಫೋನಿನಲ್ಲಿ ಸಿಗ್ನಲ್ ನೋಡಿ. ಒಂದೇ ಕಡ್ಡಿ ಇದ್ದರೆ, ಕಾಂಕ್ರೀಟ್ ಗೋಡೆಯ ಆಚೆ ಲೋಹದ ಡಬ್ಬಿಯೊಳಗಿರುವ ಸ್ವಿಚ್ಚಿಗೆ ಅದೂ ಇರುವುದಿಲ್ಲ.

ಆಫ್‌ಲೈನ್ ಅಂದ ಮಾತ್ರಕ್ಕೆ ಗೀಸರ್ ನಿಲ್ಲಬೇಕಾಗಿಲ್ಲ. ಶೆಡ್ಯೂಲ್ ಸ್ವಿಚ್ಚಿನೊಳಗೇ ಉಳಿಯುತ್ತದಾ, ಇಲ್ಲ ಕಂಪನಿಯ ಸರ್ವರ್‌ನಿಂದ ಆಜ್ಞೆ ಬರಬೇಕಾ ಅನ್ನುವುದೇ ಮುಖ್ಯ. ಪರೀಕ್ಷೆ ಸುಲಭ. ಹತ್ತು ನಿಮಿಷ ಆಚೆಗೆ ಒಂದು ಆನ್ ಆಜ್ಞೆ ಬರೆದು, ರೌಟರ್ ಆಫ್ ಮಾಡಿ ಕಾಯಿರಿ. ಆನ್ ಆದರೆ ಒಳ್ಳೆಯ ಸ್ವಿಚ್. ಆಗದಿದ್ದರೆ ಇಂಟರ್‌ನೆಟ್ ಹೋದ ದಿನವೆಲ್ಲ ತಣ್ಣೀರು. ನ್ಯೂಜಿಲೆಂಡ್‌ನಲ್ಲಿ ದಶಕಗಳಿಂದ ಕರೆಂಟ್ ತಂತಿಯ ಮೇಲೇ ಸಂಕೇತ ಕಳಿಸಿ ಮನೆಗಳ ನೀರಿನ ಹೀಟರ್ ಆಫ್ ಮಾಡುತ್ತಾರೆ. ಅಲ್ಲಿ ವೈಫೈ ಪಾಸ್‌ವರ್ಡ್ ಮರೆತು ಯಾರೂ ತಣ್ಣೀರು ಸುರಿದುಕೊಂಡಿಲ್ಲ ಅಲ್ವಾ, ಹೊಟ್ಟೆಕಿಚ್ಚಾಗುತ್ತದೆ.

## ಎಲ್ಲಾ ಸರಿಯಿದೆ, ಬಿಲ್ ಮಾತ್ರ ಇಳಿದಿಲ್ಲ

ಇದು ದೋಷ ಅಲ್ಲದೆಯೂ ಇರಬಹುದು. ಬಿಲ್ ತೆಗೆದು ನೋಡಿ. ಎಲ್ಲಾ ಯೂನಿಟ್ಟಿಗೂ ಒಂದೇ ದರ ಹಾಕಿದ್ದರೆ, ನೀವು ಬೆಳಗಿನ ಜಾವ ಬಳಸಿದರೂ ಸಂಜೆ ಬಳಸಿದರೂ ಅಷ್ಟೇ. ಹೊತ್ತಿಗೊಂದು ದರ ಇರಬೇಕು, ಬಿಸಿಲಿನ ಹೊತ್ತಿನ ದರ ಕಡೇ ಪಕ್ಷ 20 ಶೇಕಡಾ ಕಡಿಮೆ ಇರಬೇಕು ಅಂತ ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಂದಿತು. ಅದು ಹೊತ್ತು ಹೊತ್ತಿನ ಲೆಕ್ಕ ಇಡಬಲ್ಲ ಸ್ಮಾರ್ಟ್ ಮೀಟರ್ ಇಲ್ಲದೆ ಆಗುವ ಕೆಲಸವಲ್ಲ. ನಿಮ್ಮ ಬಿಲ್ಲಿನಲ್ಲಿ ಆ ಸಾಲು ಕಾಣುವವರೆಗೆ ಈ ಕೆಲಸದಿಂದ ಲಾಭ ಊರಿಗೆ, ನಿಮಗಲ್ಲ.

ಬಿಲ್ ಏರಿದ್ದರೆ ಕಾಯಿಸಿಟ್ಟ ನೀರು ಆರಿಹೋಗುತ್ತಿದೆ ಅಂತ ಅರ್ಥ. ಗೀಸರ್ ಮೇಲಿನ ಸ್ಟಾರ್ ಚೀಟಿಯಲ್ಲಿ 24 ಗಂಟೆಗೆ ಎಷ್ಟು ಯೂನಿಟ್ ಸುಮ್ನೆ ಸೋರುತ್ತದೆ ಅಂತ ಬರೆದಿರುತ್ತದೆ. ಹಳೆಯ ಗೀಸರ್ ಆದರೆ ಮಧ್ಯಾಹ್ನ 12ಕ್ಕೆ ಕಾಯಿಸಿ ರಾತ್ರಿ 9ಕ್ಕೆ ಬಳಸುವುದು ನಷ್ಟದ ವ್ಯಾಪಾರ. ಅದನ್ನು ಮೂರೂವರೆಗೆ ತಳ್ಳಿ, ಇಲ್ಲ ಕೈಬಿಡಿ. ಗೃಹಜ್ಯೋತಿಯ 200 ಯೂನಿಟ್ ಗಡಿಯ ಹತ್ತಿರ ಇರುವ ಮನೆಯವರಂತೂ ಇದನ್ನು ಮೊದಲು ನೋಡಿಕೊಳ್ಳಬೇಕು. ಗಡಿ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

## ಸ್ವಿಚ್ ಟಕ್ ಟಕ್ ಅಂತ ಬಡಿದುಕೊಳ್ಳುತ್ತಿದೆ

ನಿಮ್ಮ ಮನೆಯ ಮೇಲೆ ಸೋಲಾರ್ ಪ್ಯಾನೆಲ್ ಇದ್ದು, "ಬಿಸಿಲು ಇದ್ದಾಗ ಗೀಸರ್ ಆನ್, ಕಡಿಮೆ ಆದರೆ ಆಫ್" ಅಂತ ನಿಯಮ ಬರೆದಿದ್ದರೆ ಜುಲೈ ತಿಂಗಳಲ್ಲಿ ಈ ಸದ್ದು ಗ್ಯಾರಂಟಿ. ಬೆಂಗಳೂರಿನ ಮೋಡ ನಿಮಿಷಕ್ಕೊಮ್ಮೆ ಬಂದು ಹೋಗುತ್ತದೆ, ಸ್ವಿಚ್ಚೂ ಅದರ ಜೊತೆ ಕುಣಿಯುತ್ತದೆ. ಒಮ್ಮೆ ಆನ್ ಆದರೆ ಹದಿನೈದು ನಿಮಿಷ ಆಫ್ ಆಗಬಾರದು, ಆಫ್ ಆದರೆ ಹತ್ತು ನಿಮಿಷ ಆನ್ ಆಗಬಾರದು ಅಂತ ಸೇರಿಸಿ. ಆನ್ ಆಗುವ ಮಟ್ಟಕ್ಕೂ ಆಫ್ ಆಗುವ ಮಟ್ಟಕ್ಕೂ ನಡುವೆ ದೊಡ್ಡ ಅಂತರ ಇಡಿ. ಫ್ರೀಕ್ವೆನ್ಸಿ ಅಳೆದು ಸ್ವಿಚ್ ಮಾಡುವ ಆಟ ಆಡುವವರಿಗೂ ಇದೇ ಮಾತು.

ಇಂಥ ನಿಯಮ ಏನೂ ಇಲ್ಲದೆ ಟಕ್ ಟಕ್ ಅಂದರೆ ವೈರ್ ಸಡಿಲ ಇರಬಹುದು. ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಇನ್ನೊಂದು ಮಾತು. ಫ್ರಿಜ್ಜನ್ನು ಈ ಆಟಕ್ಕೆ ಸೇರಿಸಬೇಡಿ, ಎಸಿಯನ್ನು ಪ್ಲಗ್ಗಿನಿಂದ ಆಫ್-ಆನ್ ಮಾಡಬೇಡಿ. ಕಂಪ್ರೆಸರ್ ನಿಂತ ತಕ್ಷಣ ಮತ್ತೆ ಶುರುವಾಗುವುದು ಅದಕ್ಕೆ ಒಳ್ಳೆಯದಲ್ಲ. ಎಸಿಯನ್ನು ಅದರದೇ ರಿಮೋಟ್ ಸಂಕೇತದಿಂದ ಒಂದೆರಡು ಡಿಗ್ರಿ ಏರಿಸಿದರೆ ಸಾಕು.

## ಆಪ್ ಆಫ್ ಅನ್ನುತ್ತದೆ, ಮೀಟರ್ ಓಡುತ್ತಲೇ ಇದೆ

ಸ್ವಿಚ್ಚಿನೊಳಗಿನ ರಿಲೇ ಅಂಟಿಕೊಂಡಿದೆ. ತುಂಬಾ ಸಲ ದೊಡ್ಡ ಕರೆಂಟ್ ಕಡಿದೂ ಕೂಡಿಸಿಯೂ ಅದರ ತುದಿಗಳು ಕರಗಿ ಬೆಸೆದುಕೊಳ್ಳುತ್ತವೆ. ಆಪ್ ತಾನು ಹೇಳಿದ್ದನ್ನು ತೋರಿಸುತ್ತದೆ, ನಡೆದದ್ದನ್ನಲ್ಲ.

ಖಚಿತ ಮಾಡಿಕೊಳ್ಳಲು ಕರೆಂಟ್ ಮೀಟರಿನ ಮಿಣುಕು ದೀಪ ಸಾಕು. ಮೀಟರ್ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. ಅದು 3200 ಇದ್ದರೆ 2 ಕಿಲೋವ್ಯಾಟ್ ಗೀಸರ್ ಓಡುವಾಗ ನಿಮಿಷಕ್ಕೆ ಸುಮಾರು 107 ಸಲ ಮಿಣುಕುತ್ತದೆ, 1600 ಇದ್ದರೆ 53 ಸಲ. ಮನೆಯ ಉಳಿದ ದೊಡ್ಡ ಸಾಮಾನೆಲ್ಲ ಆಫ್ ಮಾಡಿ, ಬಿಸಿನೀರಿನ ನಲ್ಲಿ ಸ್ವಲ್ಪ ಹೊತ್ತು ಬಿಟ್ಟು ಟ್ಯಾಂಕ್ ತಣ್ಣಗೆ ಮಾಡಿ, ಆಪ್‌ನಲ್ಲಿ ಆಫ್ ಕೊಟ್ಟು ಎಣಿಸಿ. ಮಿಣುಕು ನಿಧಾನವಾದರೆ ಸರಿ. ಆಗದೆ, ಎಂಸಿಬಿ ಇಳಿಸಿದ ಮೇಲಷ್ಟೇ ನಿಧಾನವಾದರೆ ರಿಲೇ ಹೋಗಿದೆ.

ತಟ್ಟಿ ಬಡಿದು ಬಿಡಿಸಿದರೆ ನಾಳೆ ಮತ್ತೆ ಅಂಟುತ್ತದೆ. ಬದಲಿಸಿ. ಥರ್ಮೋಸ್ಟಾಟ್ ಇರುವುದರಿಂದ ನೀರು ತಕ್ಷಣ ಕುದಿಯಲಾರದು, ಆದರೆ ಅದೊಂದನ್ನೇ ನಂಬಿ ದಿನ ತಳ್ಳುವುದು ಬೇಡ. 3 ಕಿಲೋವ್ಯಾಟ್ ಗೀಸರ್ ಇರುವವರು ಸ್ಮಾರ್ಟ್ ಸ್ವಿಚ್ಚಿನಿಂದ ಕಾಂಟ್ಯಾಕ್ಟರ್ ಅನ್ನುವ ಒಂದು ದೊಡ್ಡ ಸ್ವಿಚ್ ಓಡಿಸಿ, ಕಾಂಟ್ಯಾಕ್ಟರ್‌ನಿಂದ ಗೀಸರ್ ಓಡಿಸುವುದು ಕ್ಷೇಮ. ಸಣ್ಣ ಸ್ವಿಚ್ ಬರೀ ಹೇಳುವ ಕೆಲಸ ಮಾಡುತ್ತದೆ, ಭಾರ ಎತ್ತುವುದು ಕಾಂಟ್ಯಾಕ್ಟರ್.

## ಪ್ಲಗ್ ಬಿಸಿ, ಬಣ್ಣ ಕಂದು

2 ಕಿಲೋವ್ಯಾಟ್ ಅಂದರೆ ಸುಮಾರು 9 ಆಂಪ್, 3 ಕಿಲೋವ್ಯಾಟ್ ಅಂದರೆ 13 ಆಂಪ್. ಒಂದೆರಡು ನಿಮಿಷ ಕೆಟಲ್ ಓಡಿಸುವುದಕ್ಕೂ ಮುಕ್ಕಾಲು ಗಂಟೆ ಗೀಸರ್ ಓಡಿಸುವುದಕ್ಕೂ ವ್ಯತ್ಯಾಸ ಇದೆ. 10 ಆಂಪ್ ಸ್ಮಾರ್ಟ್ ಪ್ಲಗ್‌ಗೆ ಗೀಸರ್ ಹಾಕಲೇಬಾರದು. ನನ್ನದು 16 ಆಂಪ್ ಅಂತಲೇ ಬರೆದಿದ್ದ ಪ್ಲಗ್. ಆದರೂ ಎಂಟು ತಿಂಗಳಿಗೆ ಒಂದು ರಂಧ್ರದ ಸುತ್ತ ಕಂದು ಬಣ್ಣಕ್ಕೆ ತಿರುಗಿತು. ಬಿಚ್ಚಿ ನೋಡಿದ ಎಲೆಕ್ಟ್ರಿಷಿಯನ್ ಹೇಳಿದ್ದು ಇಷ್ಟೇ: "ಸಾರ್, ಪ್ಲಗ್ ಚೆನ್ನಾಗೇ ಇದೆ. ನಿಮ್ಮ ಸಾಕೆಟ್ ಲೂಸು. ಹದಿನೈದು ವರ್ಷದ ಸಾಕೆಟ್ಟಿಗೆ ಹೊಸ ಪ್ಲಗ್ ಹಾಕಿದ್ರೆ ಇನ್ನೇನಾಗುತ್ತೆ?"

ನೋಡುವ ಕ್ರಮ ಹೀಗೆ. ಗೀಸರ್ ಅರ್ಧ ಗಂಟೆ ಓಡಿದ ಮೇಲೆ ಎಂಸಿಬಿ ಇಳಿಸಿ, ಪ್ಲಗ್ ಹೊರಮೈ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಟ್ಟುಕೊಳ್ಳಲು ಆಗದಿದ್ದರೆ ಸಾಕೆಟ್, ಪ್ಲಗ್, ಒಳಗಿನ ವೈರ್ ತುದಿ ಮೂರನ್ನೂ ಬದಲಿಸಿ. ಪ್ಲಗ್ ಮಾತ್ರ ಬದಲಿಸಿದರೆ ಹೊಸದೂ ಸುಡುತ್ತದೆ. ಎಕ್ಸ್‌ಟೆನ್ಶನ್ ಬೋರ್ಡಿನಿಂದ ಗೀಸರ್ ಆಗಲಿ, ಕಾರ್ ಚಾರ್ಜರ್ ಆಗಲಿ ಓಡಿಸುವುದು ಯಾವತ್ತೂ ಬೇಡ.

## ಕರೆಂಟ್ ಬಂದ ಕೂಡಲೇ ಎಂಸಿಬಿ ಬೀಳುತ್ತದೆ

ಬಿದ್ದದ್ದು ಯಾವುದು ಅಂತ ಮೊದಲು ನೋಡಿ. ಮೇನ್ ಎಂಸಿಬಿ ಬಿದ್ದರೆ ಒಟ್ಟು ಭಾರ ಜಾಸ್ತಿ. ಗೀಸರ್, ಕಾರ್ ಚಾರ್ಜರ್, ಬ್ಯಾಟರಿ ಖಾಲಿಯಾದ ಯುಪಿಎಸ್ ಎಲ್ಲಾ ಒಂದೇ ಗಳಿಗೆಯಲ್ಲಿ ಬಾಯಿ ತೆರೆದಿರುತ್ತವೆ. ಆಪ್‌ನಲ್ಲಿ 'ಕರೆಂಟ್ ಬಂದ ಮೇಲೆ ಯಾವ ಸ್ಥಿತಿ' ಅನ್ನುವ ಸೆಟ್ಟಿಂಗ್ ಇರುತ್ತದೆ. ಅದು ಆನ್ ಅಥವಾ ಹಿಂದಿನ ಸ್ಥಿತಿ ಅಂತಿದ್ದರೆ ಆಫ್‌ಗೆ ಬದಲಿಸಿ. ಆಮೇಲೆ ಒಂದೊಂದಕ್ಕೆ ಐದೈದು ನಿಮಿಷದ ಅಂತರ ಕೊಡಿ.

ಇದು ಬರೀ ನಿಮ್ಮ ಮನೆ ಪ್ರಶ್ನೆಯಲ್ಲ. ಬೀದಿಯ ಎಲ್ಲಾ ಗೀಸರ್ ಒಟ್ಟಿಗೆ ಎದ್ದರೆ ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್, ಅದರ ಫ್ಯೂಸ್ ಹೋಗಿ ಮತ್ತೆ ಕತ್ತಲೆ. ಸ್ಮಾರ್ಟ್ ಸಾಮಾನು ಜಾಸ್ತಿ ಆದಷ್ಟೂ ಈ ಅಪಾಯ ಜಾಸ್ತಿ, ಯಾಕೆಂದರೆ ಎಲ್ಲರ ಶೆಡ್ಯೂಲೂ ಸರಿಯಾಗಿ 4.00ಕ್ಕೋ 4.30ಕ್ಕೋ ಇರುತ್ತದೆ. ಬ್ರಿಟನ್ನಿನಲ್ಲಿ ಕಾರ್ ಚಾರ್ಜರ್‌ಗಳು ಹತ್ತು ನಿಮಿಷದೊಳಗೆ ಮನಬಂದಷ್ಟು ತಡ ಮಾಡಿ ಶುರುವಾಗಬೇಕು ಅಂತ ಕಾನೂನೇ ಇದೆ. ನಮ್ಮಲ್ಲಿ ನೀವೇ 4.13, 4.22 ಅಂತ ಅಡ್ಡಾದಿಡ್ಡಿ ಟೈಮ್ ಇಟ್ಟುಕೊಂಡರೆ ಅಷ್ಟೇ ಪುಣ್ಯ.

ಗೀಸರ್‌ನ ಎಂಸಿಬಿ ಒಂದೇ ಬಿದ್ದರೆ ಕಾಯಿಲ್ ಶಾರ್ಟ್ ಆಗಿರಬಹುದು. ಆರ್‌ಸಿಸಿಬಿ ಬಿದ್ದರೆ, ಹಳಬರು ಇಎಲ್‌ಸಿಬಿ ಅನ್ನುವುದು ಇದರ ಅಣ್ಣನನ್ನೇ, ಎಲ್ಲೋ ಕರೆಂಟ್ ನೀರಿಗೋ ಅರ್ಥಿಂಗ್ ತಂತಿಗೋ ಸೋರುತ್ತಿದೆ. ಮನೆಗಳಲ್ಲಿ ಹಾಕುವುದು 30 ಮಿಲಿಆಂಪ್‌ನದು, ನಿಮ್ಮ ಜೀವ ಕಾಯುವುದಕ್ಕೇ ಇರುವುದು. ಒಂದು ಸಲ ಎತ್ತಿ ನೋಡಿ. ಎರಡನೇ ಸಲ ಬಿದ್ದರೆ ಗೀಸರ್ ಪ್ಲಗ್ ತೆಗೆದು ಎತ್ತಿ. ಆಗ ಬೀಳದೆ ನಿಂತರೆ ತಪ್ಪಿತಸ್ಥ ಸಿಕ್ಕ. ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಡುತ್ತೇನೆ ಅನ್ನುವವರನ್ನು ಮನೆಯೊಳಗೆ ಸೇರಿಸಬೇಡಿ.

## ನೆತ್ತಿ ಬಿಸಿಲಲ್ಲೇ ಸೋಲಾರ್ ನಿಲ್ಲುತ್ತದೆ

ಪ್ಯಾನೆಲ್ ಇರುವವರಿಗೆ ಮಾತ್ರ. ಕರೆಂಟ್ ಹೋದಾಗ ಸೋಲಾರ್ ಇನ್ವರ್ಟರ್ ನಿಂತರೆ ಅದು ದೋಷವಲ್ಲ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಕರೆಂಟ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ.

ಕರೆಂಟ್ ಇದ್ದೂ ಭಾನುವಾರ ಮಧ್ಯಾಹ್ನ ನಿಂತು ನಿಂತು ಹೊರಟರೆ ಇನ್ವರ್ಟರ್ ಪರದೆಯಲ್ಲಿ ವೋಲ್ಟೇಜ್ ನೋಡಿ. 230ರ ಮೇಲೆ 10 ಶೇಕಡಾ, ಅಂದರೆ 253 ದಾಟಿದರೆ ಅದು ಜಾಲದಿಂದ ಬಿಟ್ಟುಕೊಳ್ಳಬೇಕು ಅಂತ ನಿಯಮ. ಎಲ್ಲರ ಚಾವಣಿಯಿಂದ ಕರೆಂಟ್ ಬೀದಿಗೆ ನುಗ್ಗುತ್ತಿದೆ, ಬಳಸುವವರಿಲ್ಲ, ವೋಲ್ಟೇಜ್ ಏರುತ್ತದೆ.

ಇಲ್ಲಿ ಪರೀಕ್ಷೆಯೇ ಔಷಧಿ. ಆ ಹೊತ್ತಲ್ಲಿ ಗೀಸರ್ ಆನ್ ಮಾಡಿ. ವೋಲ್ಟೇಜ್ ನಾಲ್ಕೈದು ಇಳಿದು ಇನ್ವರ್ಟರ್ ನಿಲ್ಲದೆ ಓಡತೊಡಗಿದರೆ ಮಧ್ಯಾಹ್ನದ ಕಾಯಿಸುವಿಕೆಯನ್ನು, ಕಾರ್ ಚಾರ್ಜಿಂಗನ್ನು ಅದೇ ಹೊತ್ತಿಗೆ ತಳ್ಳಿ. ಸಾಲದಿದ್ದರೆ ಎಲೆಕ್ಟ್ರಿಷಿಯನ್ ಇನ್ವರ್ಟರ್ ಹತ್ತಿರವೂ ಮೀಟರ್ ಹತ್ತಿರವೂ ಒಂದೇ ಹೊತ್ತಿಗೆ ವೋಲ್ಟೇಜ್ ಅಳೆಯಲಿ. ನಮ್ಮಲ್ಲಿ ಇವೆರಡರ ನಡುವೆ 6 ವೋಲ್ಟ್ ವ್ಯತ್ಯಾಸ ಬಂತು. ಮೂರನೇ ಮಹಡಿಯಿಂದ ಕೆಳಗಿಳಿದ ವೈರ್ ತೆಳುವಾಗಿತ್ತು, ದಪ್ಪದ್ದು ಹಾಕಿಸಿದ ಮೇಲೆ ತೊಂದರೆ ನಿಂತಿತು. ಮೀಟರ್ ಹತ್ತಿರವೇ 253ರ ಆಸುಪಾಸು ಇದ್ದರೆ ಮಾತ್ರ ಅದು ಲೈನಿನ ವಿಷಯ. ಮೂರು ದಿನದ ಟೈಮ್ ಮತ್ತು ವೋಲ್ಟೇಜ್ ಬರೆದುಕೊಂಡು, ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಗ್ರಾಹಕರ ಸಂಖ್ಯೆ) ಸಮೇತ ಬೆಸ್ಕಾಂ 1912ಕ್ಕೆ ದೂರು ಕೊಡಿ. ಇನ್ವರ್ಟರಿನ ಮಿತಿಯನ್ನು ನೀವೇ ಏರಿಸಿಕೊಳ್ಳಬೇಡಿ.

## ಕೆಲವು ದೀಪ ಪ್ರಕಾಶ, ಕೆಲವು ಮಂಕು

ತ್ರೀ ಫೇಸ್ ಮನೆಗಳಲ್ಲಿ ಇದಕ್ಕಿಂತ ಕೆಟ್ಟ ಲಕ್ಷಣ ಇಲ್ಲ. ನ್ಯೂಟ್ರಲ್ ಸಡಿಲ ಆಗಿದೆ ಅಥವಾ ಕಡಿದಿದೆ. ಕಡಿಮೆ ಭಾರ ಇರುವ ಫೇಸಿನಲ್ಲಿ ವೋಲ್ಟೇಜ್ 300, 350 ಹೀಗೆ ಏರಬಹುದು. ಗೀಸರ್ ಒಂದು ಫೇಸಿನಲ್ಲಿ ತಾನೇ ಆನ್ ಆದ ಕೂಡಲೇ ಇನ್ನೊಂದು ಫೇಸಿನ ದೀಪ ಝಗ್ಗನೆ ಹೊಳೆದರೆ ಅನುಮಾನವೇ ಬೇಡ.

ಪರೀಕ್ಷೆ ಏನೂ ಮಾಡಬೇಡಿ. ಮೇನ್ ಇಳಿಸಿ. ಅಕ್ಕಪಕ್ಕದ ಮನೆಯವರಿಗೂ ಹೀಗೇ ಆಗುತ್ತಿದೆಯಾ ಕೇಳಿ. ಆಗುತ್ತಿದ್ದರೆ 1912, ನಿಮಗೆ ಮಾತ್ರ ಆದರೆ ಮೊದಲು ಎಲೆಕ್ಟ್ರಿಷಿಯನ್. ಪಕ್ಕದ ಮನೆಯಲ್ಲಿ ಹೀಗಾದಾಗ ಅವರದೇ ಮೇನ್ ಬೋರ್ಡಿನ ನ್ಯೂಟ್ರಲ್ ಸ್ಕ್ರೂ ಸಡಿಲವಾಗಿತ್ತು. ಅಷ್ಟರಲ್ಲಿ ಟಿವಿ, ರೌಟರ್ ಅಡಾಪ್ಟರ್, ಮೂರು ಸ್ಮಾರ್ಟ್ ಸ್ವಿಚ್ ಹೋಗಿದ್ದವು.

ಸರಿಯಾದ ಮೇಲೂ ಎಲ್ಲವನ್ನೂ ಒಟ್ಟಿಗೆ ಆನ್ ಮಾಡಬೇಡಿ. ಮೂರೂ ಫೇಸಿನ ವೋಲ್ಟೇಜ್ ಎಲೆಕ್ಟ್ರಿಷಿಯನ್ ಅಳೆದು ತೋರಿಸಲಿ. ಎಲ್ಲಾ ಎಂಸಿಬಿ ಕೆಳಗಿರುವಾಗ ಮೇನ್ ಎತ್ತಿ, ಮೊದಲು ಒಂದು ದೀಪ, ಆಮೇಲೆ ರೌಟರ್. ಸ್ಮಾರ್ಟ್ ಸ್ವಿಚ್ಚುಗಳನ್ನು ಮೂಸಿ ನೋಡಿ, ಕಮಟು ವಾಸನೆ ಬಂದದ್ದನ್ನು ಕೆಲಸ ಮಾಡುತ್ತಿದ್ದರೂ ತೆಗೆದುಹಾಕಿ. ಗೀಸರ್ ಕೊನೆಗೆ. ಶೆಡ್ಯೂಲ್ ಎರಡು ದಿನ ಬಂದ್ ಮಾಡಿ, ನೀವು ಎದುರಿಗೆ ಇರುವಾಗ ಮಾತ್ರ ಕೈಯಿಂದ ಆನ್ ಮಾಡಿ.